ಸ್ವಿಚ್ ಕೆಟ್ಟರೆ ಲಿವರ್ ಹಾಕಿಸೋದು ತಪ್ಪಾ?

ಭತ್ತದ ನಾಟಿ ಸಮಯ. ಮಲೇಬೆನ್ನೂರು ಕಡೆ ನಾಲೆ ಏರಿ ಮೇಲೆ ಗೊಬ್ಬರದ ಚೀಲ ಹೊತ್ತಿದ್ದ ನಮ್ಮ ಚಿಕ್ಕಪ್ಪನ ಹಳೇ ಫೋರ್ ವೀಲ್ ಗಾಡಿ ಕೆಸರಲ್ಲಿ ಹೂತುಕೊಂಡಿತು. ಸ್ವಿಚ್ ತಿರುಗಿಸಿದರೆ ಲೈಟು ಮಿನುಗಿತೇ ಹೊರತು ಮುಂದಿನ ಗಾಲಿಗೆ ಶಕ್ತಿ ಬರಲಿಲ್ಲ. ಟ್ರ್ಯಾಕ್ಟರ್ ಕರೆಸಿ ಎಳೆಸಿದ್ದಾಯ್ತು.

ಶೋರೂಮಿನವರು ಟ್ರಾನ್ಸ್‌ಫರ್ ಕೇಸನ್ನೇ ಪೂರ್ತಿ ಬದಲಿಸಬೇಕು ಅಂದರು. ಹರಿಹರದ ಗ್ಯಾರೇಜಿನ ಮೇಸ್ತ್ರಿ, "ಕಿತ್ತು ಲಿವರ್ ಇರೋದು ಹಾಕ್ತೀನಿ ಬಿಡ್ರಿ" ಅಂದ. ಇಬ್ಬರೂ ಬಿಚ್ಚಿ ನೋಡಿರಲಿಲ್ಲ!

ಗೇರ್‌ಬಾಕ್ಸ್‌ನಿಂದ ಬರೋ ಶಕ್ತಿಯನ್ನು ಹಿಂದಿನ, ಮುಂದಿನ ಗಾಲಿಗಳಿಗೆ ಹಂಚೋದೇ ಟ್ರಾನ್ಸ್‌ಫರ್ ಕೇಸ್. ಲೋ ಹಾಕಿದರೆ ವೇಗ ಕಡಿಮೆಯಾಗಿ ಎಳೆಯುವ ಬಲ ಸಾಮಾನ್ಯವಾಗಿ ಎರಡೂವರೆ ಪಟ್ಟಿನಷ್ಟಾಗುತ್ತೆ. ಲಿವರ್ ಗಾಡಿಯಲ್ಲಿ ಗೇರು ಸರಿಸೋದು ನಮ್ಮ ಕೈ. ಸ್ವಿಚ್ ಗಾಡಿಯಲ್ಲಿ ಒಂದು ಚಿಕ್ಕ ಮೋಟರ್. ಅದು ಗಾಡಿಯ ಅಡಿಯಲ್ಲಿ, ಕೆಸರು ನೀರು ಸಿಡಿಯೋ ಜಾಗದಲ್ಲೇ ಕೂತಿರುತ್ತೆ.

ಹಾಗಾಗಿ ಮೊದಲು ಫ್ಯೂಸ್, ವೈರು, ಸಾಕೆಟ್, ಮೋಟರ್ ನೋಡಿಸಿ. ನಮ್ಮದರಲ್ಲಿ ಒಳಗಿನ ಗೇರುಗಳೆಲ್ಲ ಗಟ್ಟಿಯಾಗಿದ್ದವು, ಮೋಟರ್ ಮಾತ್ರ ನೀರು ಹೋಗಿ ಸತ್ತಿತ್ತು. ಆದರೆ ಬರೀ ಮೋಟರ್ ಕೊಡಿ ಅಂದರೆ ಸಿಗಲಿಲ್ಲ. ಕೊನೆಗೆ ಲಿವರ್‌ಗೇ ಹೋದೆವು.

ಅದೂ ಸಲೀಸಲ್ಲ. ಮೊದಲು ತಂದ ಸೆಕೆಂಡ್ ಹ್ಯಾಂಡ್ ಕೇಸ್‌ನ ಹಲ್ಲು ಗೇರ್‌ಬಾಕ್ಸ್ ಶಾಫ್ಟಿಗೆ ಕೂರಲಿಲ್ಲ. ದುಡ್ಡು ಕೊಡೋ ಮುಂಚೆ ಇಷ್ಟು ನೋಡಿ: ಹಲ್ಲಿನ ಲೆಕ್ಕ, ಬೋಲ್ಟ್ ತೂತು, ಪ್ರೊಪೆಲ್ಲರ್ ಶಾಫ್ಟ್ ಉದ್ದ, ಲಿವರ್ ಮೇಲೆ ಬರಲು ಜಾಗ, ಸ್ಪೀಡೋಮೀಟರ್ ಸೆನ್ಸರ್. ಮುಂದಿನ ಹಬ್ ತಾನಾಗಿ ಲಾಕ್ ಆಗೋ ಗಾಡಿಯಾದರೆ ಅದಕ್ಕೂ ದಾರಿ ಮಾಡಬೇಕು. ಇಲ್ಲದಿದ್ದರೆ ಲಿವರ್ ಹಾಕಿಯೂ ಮುಂದಿನ ಗಾಲಿ ಎಳೆಯಲ್ಲ. ಆರ್‌ಟಿಒ ಕಚೇರಿಯಲ್ಲಿ, ಇನ್ಶೂರೆನ್ಸ್ ಕಂಪನಿಯಲ್ಲಿ ಮೊದಲೇ ಕೇಳಿಕೊಳ್ಳಿ. ಶೋಕಿಗೆ ಮಾತ್ರ ಈ ಕೆಲಸ ಬೇಡವೇ ಬೇಡ.

ನನ್ನ ಮಾತು ಇಷ್ಟೇ. ದುಡಿಯೋ ಗಾಡಿಗೆ ಲಿವರ್ ತಪ್ಪಲ್ಲ. 2020ರ ಹೊಸ ಥಾರ್‌ಗೂ ಮಹೀಂದ್ರಾದವರು ಲಿವರನ್ನೇ ಕೊಟ್ಟರು. ತಪ್ಪು ಇರೋದು ಚಿಕ್ಕ ಬಿಡಿಭಾಗ ಮಾರದೆ ದೊಡ್ಡ ಪೆಟ್ಟಿಗೆ ಮಾರೋ ಪದ್ಧತಿಯಲ್ಲಿ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಅಂತ ಸಮಿತಿ ಮಾಡಿತು. ವಾಹನ, ಕೃಷಿ ಉಪಕರಣ ಎರಡೂ ಅದರ ಪಟ್ಟಿಯಲ್ಲಿವೆ. ಆ ಹಕ್ಕು ನಾಲೆ ಏರಿ ತನಕ ಬರಬೇಕು.

ಮೈಸೂರು ಕಿರ್ಲೋಸ್ಕರ್‌ನವರು ಲೇತ್ ಮಾಡುತ್ತಿದ್ದ ಊರು ನಮ್ಮದು. ಕಾರ್ಖಾನೆ ಮುಚ್ಚಿದರೂ ಕೈಕಸುಬು ಇನ್ನೂ ಇದೆ. ಬಿಡಿಭಾಗ, ಮಾಹಿತಿ ಎರಡೂ ಕೊಟ್ಟರೆ ನಮ್ಮ ಮೇಸ್ತ್ರಿಗಳೇ ಸರಿಮಾಡುತ್ತಾರೆ.

ಚಿಕ್ಕಪ್ಪ ಈಗ ಲಿವರ್ ಎಳೆದು, "ಬಿತ್ತೋ ಇಲ್ಲವೋ ಕೈಗೇ ಗೊತ್ತಾಗುತ್ತೆ ನೋಡು" ಅಂತಾರೆ. ಒಣ ಟಾರ್ ರೋಡಿಗೆ ಬಂದ ಕೂಡಲೇ ಟೂ ವೀಲ್‌ಗೆ ಹಾಕೋದು ಮಾತ್ರ ನಾನು ನೆನಪಿಸಬೇಕು!