ಮುದ್ರೆಯಿಲ್ಲದ ತಕ್ಕಡಿ

ಅಂಗಡಿಯವನ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಮುದ್ರೆ ತಪ್ಪಿದರೆ ದಂಡ. ಆಟೋ ಮೀಟರಿಗೂ ಅದೇ ಅಳತೆ ಇಲಾಖೆಯ ಮುದ್ರೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಮುಂದೆ ಕಿಲೋಮೀಟರಿಗೆ 18 ರೂಪಾಯಿ ಎಂದು ಸರ್ಕಾರವೇ ದರ ಕಟ್ಟಿತು. ಓಲಾ, ಊಬರ್, ರಾಪಿಡೋ ಕಂಪನಿಗಳ ತಕ್ಕಡಿಗೆ ಯಾರ ಮುದ್ರೆ? ಮಳೆ ಬಂದರೆ ಒಂದು ದರ, ಸಂಜೆಯಾದರೆ ಇನ್ನೊಂದು!

2022ರಲ್ಲಿ 2 ಕಿಲೋಮೀಟರಿನೊಳಗಿನ ಸವಾರಿಗೂ 100 ರೂಪಾಯಿ ಕೀಳುತ್ತಾರೆಂದು ಜನ ದೂರಿದರು. ನವೆಂಬರಿನಲ್ಲಿ ಸರ್ಕಾರ ಶೇಕಡ 5ರ ಸೇವಾಶುಲ್ಕದ ಮಿತಿ ಹಾಕಿತು. 2025ರಲ್ಲಿ ಊಬರ್ ಆಟೋಗಳಿಂದ ಕಮಿಷನ್ ಬಿಟ್ಟು ಚಂದಾ ಹಿಡಿಯಿತು. ಬಾಡಿಗೆಯನ್ನು ಚಾಲಕನೂ ಪ್ರಯಾಣಿಕನೂ ಮಾತಾಡಿಕೊಳ್ಳಲಿ ಎಂದಿತು. ಲಾಭಕ್ಕೆ ಕಂಪನಿ, ಹೊಣೆಗೆ ಯಾರೂ ಇಲ್ಲ!

ಗೋವಿಂದರಾಜನಗರ, ವಿಜಯನಗರ, ಮೂಡಲಪಾಳ್ಯಗಳ ಆಟೋ ಚಾಲಕನನ್ನು ನೋಡಿ. ಗಾಡಿ ಅವನದು, ಸಾಲದ ಕಂತು ಅವನದು, ಗ್ಯಾಸು ಅವನದು. ಗಿರಣಿಯಲ್ಲಿ ಕೂಲಿ ಕಡಿದರೆ ಕಾರ್ಮಿಕರು ಮ್ಯಾನೇಜರನ ಬಾಗಿಲಿಗೆ ಹೋಗಬಹುದು. ಇವನಿಗೆ ತಟ್ಟಲು ಬಾಗಿಲೇ ಇಲ್ಲ.

ಮೀಟರು ಹಾಕದೆ ಬಾಯಿಗೆ ಬಂದಷ್ಟು ಕೇಳಿದ ಚಾಲಕರನ್ನು ನಾವು ಸಮರ್ಥಿಸುವುದಿಲ್ಲ. ಗಿರಾಕಿಯನ್ನು ಕಂಪನಿಯ ಕಡೆಗೆ ದೂಡಿದ್ದರಲ್ಲಿ ಅವರ ಪಾಲೂ ಇದೆ. ಆದರೆ ಕೆಲವು ವರ್ತಕರು ತೂಕದಲ್ಲಿ ಮೋಸ ಮಾಡಿದರೆಂದು ಇಡೀ ಪೇಟೆಯನ್ನು ಒಬ್ಬ ಸಾಹುಕಾರನಿಗೆ ಬರೆದುಕೊಡುತ್ತೇವೆಯೆ?

ಕಮಿಷನ್ ಇಲ್ಲದೆಯೂ ಗಿರಾಕಿಯನ್ನು ಗಾಡಿಗೆ ಸೇರಿಸಬಹುದೆಂದು ಚಾಲಕರ ಸಂಘದ ಬೆಂಬಲದಿಂದ 2022ರಲ್ಲಿ ಹೊರಟ ‘ನಮ್ಮ ಯಾತ್ರಿ’ ತೋರಿಸಿತು. ಆದ್ದರಿಂದ ನಮ್ಮ ಒತ್ತಾಯ ಇಷ್ಟೆ: ಬೀದಿಯಲ್ಲಿ ಕೈ ತೋರಿಸಿ ಹತ್ತಿದರೂ ಫೋನಿನಲ್ಲಿ ಕರೆದರೂ ಸರ್ಕಾರ ಕಟ್ಟಿದ ದರವೇ ನಡೆಯಬೇಕು. ಮೀರಿದ ಚಾಲಕನಿಗೆ ಹಾಕುವ ದಂಡ ಕಂಪನಿಗೂ ಬೀಳಬೇಕು. ಬಡವನ ತಕ್ಕಡಿಗೆ ಮಾತ್ರ ಮುದ್ರೆ ಒತ್ತುವ ಸರ್ಕಾರ ಯಾರ ಸರ್ಕಾರ?