ಆಸ್ತಿಪಟ್ಟಿಯಲ್ಲಿ ಕಾಣದ ಕಸುಬು

ಯಂತ್ರಕ್ಕೆ ಸವಕಳಿ ಬರೆಯುತ್ತೇವೆ. ಕಟ್ಟಡಕ್ಕೆ ವಿಮೆ ಮಾಡಿಸುತ್ತೇವೆ. ಕುಶಲಕರ್ಮಿಯ ಕೈಯಲ್ಲಿರುವ ವಿದ್ಯೆ ಮಾತ್ರ ಯಾವ ಆಸ್ತಿಪಟ್ಟಿಯಲ್ಲಿಯೂ ಕಾಣದು. ಅದು ನಶಿಸಿದಾಗ ನಷ್ಟದ ಲೆಕ್ಕವನ್ನು ಬರೆಯುವವರೂ ಇಲ್ಲ. ಐರ್ಲೆಂಡಿನ ವಾಯವ್ಯ ಭಾಗದ ಡೊನೆಗಾಲ್ ಕೌಂಟಿಯ ಗ್ರಾಮೀಣ ಕಸುಬುಗಳ ಕಥೆ ಇದಕ್ಕೆ ನಿದರ್ಶನ.

ಅಲ್ಲಿಯ ಕಮ್ಮಾರ ಕುದುರೆಗೆ ಲಾಳ ಹೊಡೆಯುತ್ತಿದ್ದ. ಬಡಗಿ ಮಾಡಿದ ಗಾಡಿಯ ಚಕ್ರಕ್ಕೆ ಕಾಯಿಸಿದ ಕಬ್ಬಿಣದ ಪಟ್ಟಿ ತೊಡಿಸಿ, ನೀರು ಸುರಿದು ಬಿಗಿಗೊಳಿಸುತ್ತಿದ್ದ. 1946ರಲ್ಲಿ ಹ್ಯಾರಿ ಫರ್ಗ್ಯುಸನ್ ಅವರ ಟಿಇ20 ಟ್ರ್ಯಾಕ್ಟರ್ ಬಂದಿತು. ಮುಂದಿನ ದಶಕಗಳಲ್ಲಿ ಕುದುರೆ ಹೊಲ ಬಿಟ್ಟಿತು. ಅದರ ಹಿಂದೆಯೇ ಕಮ್ಮಾರ, ಗಾಡಿಯ ಬಡಗಿ, ಜೀನು ಹೊಲಿಯುವವ ಎಲ್ಲರೂ ಮರೆಯಾದರು. ಇವರ ಕೆಲಸದಲ್ಲಿ ಲೋಪವಿರಲಿಲ್ಲ. ಎಲ್ಲರ ಆದಾಯವೂ ಒಂದೇ ಪ್ರಾಣಿಯನ್ನು ಅವಲಂಬಿಸಿತ್ತು.

ಅಗಸೆ ನಾರಿನ ಗತಿಯೂ ಅಷ್ಟೇ. ಗಿಡವನ್ನು ಬೇರುಸಹಿತ ಕಿತ್ತು, ನೀರಿನಲ್ಲಿ ಕೊಳೆಹಾಕಿ, ಒಣಗಿಸಿ, ನೀರಿನ ಚಕ್ರದಿಂದ ನಡೆಯುವ ಗಿರಣಿಯಲ್ಲಿ ಬಡಿದು ನಾರು ಬಿಡಿಸುತ್ತಿದ್ದರು. ಮಹಾಯುದ್ಧಗಳ ಕಾಲದಲ್ಲಿ ವಿಮಾನದ ರೆಕ್ಕೆಗಳಿಗೂ ಲಿನನ್ ಬಟ್ಟೆ ಬೇಕಾಗಿ ಬೇಡಿಕೆ ಏರಿತು, ಶಾಂತಿಕಾಲದಲ್ಲಿ ಕುಸಿಯಿತು. ಲೆಟರ್‌ಕೆನ್ನಿ ಸಮೀಪದ ನ್ಯೂಮಿಲ್ಸ್ ಗಿರಣಿ ಇಂದು ಸರ್ಕಾರ ಕಾಪಾಡಿರುವ ಸ್ಮಾರಕ ಮಾತ್ರ.

ಅದೇ ಸೀಮೆಯ ಟ್ವೀಡ್ ಉಣ್ಣೆಬಟ್ಟೆಯಾದರೋ ಉಳಿಯಿತು. 1891ರಲ್ಲಿ ಸ್ಥಾಪನೆಯಾದ ಕಂಜೆಸ್ಟೆಡ್ ಡಿಸ್ಟ್ರಿಕ್ಟ್ಸ್ ಬೋರ್ಡ್ ನೇಕಾರರಿಗೆ ಸುಧಾರಿತ ಮಗ್ಗಗಳನ್ನು ಒದಗಿಸಿತು. ಬಟ್ಟೆಯನ್ನು ಪರೀಕ್ಷಿಸಿ ಗುಣಮಟ್ಟದ ಮುದ್ರೆ ಹಾಕುವ ಪದ್ಧತಿ ತಂದಿತು. ಹಳ್ಳಿಯ ಬಟ್ಟೆ ದೂರದ ಮಾರುಕಟ್ಟೆಯ ವಿಶ್ವಾಸ ಗಳಿಸಿತು. ಮನೆಮನೆಯ ರಾಟೆ ನಿಂತು ಗಿರಣಿಯ ನೂಲು ಬಂದರೂ, ಆರ್ಡರಾ, ಕಿಲ್ಕಾರ್ ಊರುಗಳಲ್ಲಿ ಕೈಮಗ್ಗ ಸಂಪೂರ್ಣ ನಿಲ್ಲಲಿಲ್ಲ.

ಟ್ರ್ಯಾಕ್ಟರನ್ನು ತಡೆಯಬೇಕಿತ್ತೆಂಬುದು ನನ್ನ ವಾದವಲ್ಲ. ಅದು ರೈತನ ಬೆನ್ನಿನ ಭಾರ ಇಳಿಸಿತು. ಆದರೆ ಕಸುಬು ಸತ್ತ ಮೇಲೆ ಸ್ಮಾರಕಕ್ಕೆ ಸುರಿಯುವ ಹಣದ ಅಲ್ಪಾಂಶವನ್ನು ಅದು ಬದುಕಿರುವಾಗಲೇ ಗುಣಮಟ್ಟ, ಮಾರುಕಟ್ಟೆ, ತರಬೇತಿಗಳಿಗೆ ವ್ಯಯಿಸುವುದು ಲಾಭದಾಯಕವೆಂಬುದು ಟ್ವೀಡ್ ಕಲಿಸುವ ಪಾಠ.

ಸದಸ್ಯ ಬಂಧುಗಳು ವರ್ಷಾಂತ್ಯದ ಲೆಕ್ಕಪತ್ರಕ್ಕೆ ಸಹಿ ಹಾಕುವ ಮುನ್ನ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ನಮ್ಮ ವಹಿವಾಟಿನಲ್ಲಿ ಒಬ್ಬನೇ ಗಿರಾಕಿಯ ಪಾಲು ಎಷ್ಟು? ನಮ್ಮ ಹಿರಿಯ ಕೆಲಸಗಾರ ನಾಳೆ ನಿವೃತ್ತನಾದರೆ ಅವನ ಕೆಲಸ ಬಲ್ಲ ಇನ್ನೊಬ್ಬನಿದ್ದಾನೆಯೇ? ಕಲಿಯುವ ಹುಡುಗನಿಗೆ ಕೊಡುವ ವೇತನವನ್ನು ಲೆಕ್ಕಶಾಸ್ತ್ರ ಖರ್ಚೆಂದೇ ಬರೆಯುತ್ತದೆ. ವ್ಯಾಪಾರಿಯ ವಿವೇಕ ಅದನ್ನು ಬಂಡವಾಳವೆಂದು ತಿಳಿಯಬೇಕು.