ನಡುದಾರಿಯ ತಂಗುದಾಣ

ಓದನ್ನು ನಡುವೆ ನಿಲ್ಲಿಸಿ ಮನೆಗೆ ಬಂದ ಹುಡುಗನನ್ನು ಕಂಡರೆ ನೆಂಟರಿಷ್ಟರು ಹುಬ್ಬೇರಿಸುತ್ತಾರೆ. ಅವನು ವೈದ್ಯ ವಿದ್ಯಾರ್ಥಿಯಾದರಂತೂ ಹೇಳುವುದೇ ಬೇಡ. ತಂದೆಯ ಹಣವೂ ಮನೆಯ ಮಾನವೂ ಒಮ್ಮೆಗೇ ಮುಳುಗಿದವೆಂಬ ಕೊರಗು. ಅಂಥ ಮನೆಗಳವರು ವಿಲಿಯಂ ಜೇಮ್ಸನ ವೃತ್ತಾಂತವನ್ನು ತಿಳಿಯಬೇಕು.

ಜೇಮ್ಸ್ ಅಮೆರಿಕದ ಹಾರ್ವರ್ಡ್ ವೈದ್ಯಶಾಲೆಯನ್ನು ಸೇರಿದ್ದು 1864ರಲ್ಲಿ. ಮರುವರ್ಷವೇ ಪುಸ್ತಕ ಮುಚ್ಚಿಟ್ಟು, ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿಯ ತಂಡದೊಡನೆ ಬ್ರೆಜಿಲಿಗೆ ಹಡಗು ಹತ್ತಿದ. ಅಲ್ಲಿ ಸಿಡುಬಿನ ಸೌಮ್ಯರೂಪವೊಂದು ತಗುಲಿತು; ಮಾದರಿಗಳನ್ನು ಕಲೆಹಾಕುವ ಬಾಳು ತನಗೆ ಒಗ್ಗದೆಂಬುದೂ ಮನವರಿಕೆಯಾಯಿತು. 1866ರಲ್ಲಿ ಮರಳಿ ಮತ್ತೆ ಓದಿಗೆ ಕುಳಿತ.

ಆದರೆ ಬೆನ್ನುನೋವು, ಕಣ್ಣಿನ ಬಳಲಿಕೆ, ಎಲ್ಲಕ್ಕೂ ಮಿಗಿಲಾಗಿ ಬಾಳೇ ಬೇಡವೆನಿಸುವ ದುಗುಡ ಅವನನ್ನು ಮುತ್ತಿದವು. 1867ರಲ್ಲಿ ಓದು ಎರಡನೆಯ ಬಾರಿ ನಿಂತಿತು. ಯೂರೋಪಿಗೆ ಹೋಗಿ ಬಿಸಿನೀರಿನ ಬುಗ್ಗೆಗಳಲ್ಲಿ ಮಿಂದ. ಬರ್ಲಿನ್ನಿನಲ್ಲಿ ಶರೀರಕ್ರಿಯೆಯ ಉಪನ್ಯಾಸಗಳನ್ನು ಕೇಳಿದ. ಮನಸ್ಸಿನ ವ್ಯಾಪಾರವನ್ನೂ ವಿಜ್ಞಾನವಾಗಿ ಅಭ್ಯಸಿಸಬಹುದೆಂಬ ಆಲೋಚನೆ ಅವನಲ್ಲಿ ಬೇರೂರಿದ್ದು ಆ ಬಿಡುವಿನಲ್ಲಿಯೇ.

ಮರಳಿದ ಬಳಿಕ 1869ರಲ್ಲಿ ಪದವಿ ಕೈಸೇರಿತು. ಬಿಡುವೊಂದೇ ಎಲ್ಲ ಬೇನೆಗೂ ಮದ್ದಲ್ಲ. ದುಗುಡ ಆಮೇಲೂ ಅವನನ್ನು ಕಾಡಿತು. ಅವನು ವೈದ್ಯವೃತ್ತಿಯನ್ನು ಕೈಗೊಳ್ಳಲೇ ಇಲ್ಲ. ಆದರೂ 1890ರಲ್ಲಿ ಅವನು ಹೊರತಂದ ಮನಶ್ಶಾಸ್ತ್ರದ ಮಹಾಗ್ರಂಥ ಆ ಶಾಸ್ತ್ರಕ್ಕೇ ಹೊಸ ದಾರಿ ತೋರಿತು.

ದಣಿದ ಮಗನೋ ಮಗಳೋ ರಜೆ ಬೇಕೆಂದಾಗ, "ಓದು ಎಂದಿಗೆ ಮುಗಿದೀತು?" ಎಂಬ ಪ್ರಶ್ನೆ ಕೊಂಚ ಕಾಯಬಹುದು. "ಹೇಗಿದ್ದೀಯಪ್ಪಾ?" ಎಂಬುದು ಮೊದಲು ಬರಲಿ.